ಅರಿವಳಿಕೆ ಕೊಟ್ಟರೆ ಮಕ್ಕಳ ನೆನಪಿನ ಶಕ್ತಿ ಹೋಗುತ್ತದೆಯೇ? ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯನ ಬದುಕು ಮತ್ತು ಒಂದು ಫಾರ್ವರ್ಡ್

ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರಿನಿಂದ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದರು. ಅವರು ಅಲ್ಲಿನ ತೋಟವೊಂದರಲ್ಲಿ ರೈಟರ್. ಎರಡು ವರ್ಷದ ಮಗನಿಗೆ ಹರ್ನಿಯಾ. ಮಗು ಅತ್ತಾಗಲೆಲ್ಲ ತೊಡೆಸಂದಿಯಲ್ಲಿ ಗಂಟು ಉಬ್ಬುತ್ತಿತ್ತು. ಆಪರೇಷನ್‌ಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಮನೆಯವರ ಗ್ರೂಪಿಗೆ ಈ ಮೆಸೇಜ್ ಬಂತು.

ಎಳೆಯ ಮಕ್ಕಳಿಗೆ ಮತ್ತು ಬರುವ ಗ್ಯಾಸ್ ಕೊಟ್ಟರೆ ಮೆದುಳಿನ ಜೀವಕೋಶಗಳು ಸಾಯುತ್ತವೆ, ನೆನಪಿನ ಶಕ್ತಿ ಹೋಗುತ್ತದೆ, ಮುಂದೆ ಶಾಲೆಯಲ್ಲಿ ಪಾಠ ತಲೆಗೆ ಹತ್ತುವುದಿಲ್ಲ, ಡಾಕ್ಟರುಗಳು ಇದನ್ನು ಮುಚ್ಚಿಡುತ್ತಾರೆ, ಎಲ್ಲ ತಂದೆತಾಯಿಗಳಿಗೂ ಕಳಿಸಿ ಎಂಬುದು ಅದರ ಸಾರ. ಮಗುವಿನ ಅಜ್ಜಿ ಹಟ ಹಿಡಿದರು: ಮಗು ದೊಡ್ಡದಾಗಲಿ, ಆಮೇಲೆ ನೋಡೋಣ. ಮಾಡಿಸುವುದೋ ಬಿಡುವುದೋ ತಿಳಿಯದೆ ಅಪ್ಪ ನಮ್ಮನ್ನು ಕೇಳಿದರು.

ಈ ಮೆಸೇಜ್ ನಿಮಗೂ ಬಂದಿರಬಹುದು. ಇದು ಪೂರ್ತಿ ಸುಳ್ಳು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಇದರಲ್ಲಿ ಒಂದು ಹಿಡಿ ನಿಜವಿದೆ, ಅದರ ಮೇಲೆ ಒಂದು ಮೂಟೆ ಭಯ ಹೇರಲಾಗಿದೆ. ನಿಜ ಎಷ್ಟು, ಭಯ ಎಷ್ಟು ಎಂದು ಬಿಡಿಸಲು ನಾವು ಅರಿವಳಿಕೆಯ ಆರಂಭಕ್ಕೇ ಹೋಗುತ್ತೇವೆ. ಅಲ್ಲಿ ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯ ಸಿಗುತ್ತಾನೆ. ಅರಿವಳಿಕೆ ಮತ್ತು ನೆನಪಿನ ಸಂಬಂಧ ಏನು ಎಂಬ ಪ್ರಶ್ನೆ ಅವನ ಬದುಕನ್ನೇ ಮುರಿಯಿತು.

ನೋವು ನೋಡಲಾಗದ ಹಲ್ಲಿನ ವೈದ್ಯ

ವೆಲ್ಸ್ ಹುಟ್ಟಿದ್ದು 1815ರ ಜನವರಿ 21ರಂದು, ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ಬಾಸ್ಟನ್ನಿನಲ್ಲಿ ಹಲ್ಲಿನ ಕೆಲಸ ಕಲಿತು, 1836ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಸ್ವಂತ ಕ್ಲಿನಿಕ್ ತೆರೆದ. ಒಳ್ಳೆಯ ಹೆಸರು ಬಂತು. 1838ರಲ್ಲಿ ಹಲ್ಲಿನ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಅದೇ ವರ್ಷ ಎಲಿಜಬೆತ್ ಎಂಬಾಕೆಯನ್ನು ಮದುವೆಯಾದ, ಮುಂದಿನ ವರ್ಷ ಮಗ ಹುಟ್ಟಿದ. ಅವನ ಹತ್ತಿರ ಕೆಲಸ ಕಲಿತವರಲ್ಲಿ ವಿಲಿಯಂ ಮಾರ್ಟನ್ ಎಂಬ ಯುವಕನೂ ಇದ್ದ. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ.

ಆ ಕಾಲದಲ್ಲಿ ಹಲ್ಲು ಕೀಳುವುದೆಂದರೆ ರೋಗಿಯನ್ನು ಹಿಡಿದು ಕೂರಿಸಿ ಇಕ್ಕಳ ಹಾಕಿ ಎಳೆಯುವುದು. ಕಾಲು ಕತ್ತರಿಸುವಂಥ ಆಪರೇಷನ್ ಆದರೂ ಅಷ್ಟೇ: ಸ್ವಲ್ಪ ಮದ್ಯ ಅಥವಾ ಅಫೀಮು ಕೊಟ್ಟು, ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ತನ್ನ ಕುರ್ಚಿಯಲ್ಲಿ ಕೂತವರ ಸಂಕಟ ವೆಲ್ಸ್‌ನನ್ನು ಕಾಡುತ್ತಿತ್ತು.

ನಗೆ ಅನಿಲದ ಪ್ರದರ್ಶನ

1844ರ ಡಿಸೆಂಬರ್ 10ರ ರಾತ್ರಿ ಹಾರ್ಟ್‌ಫರ್ಡ್‌ನಲ್ಲಿ ಒಂದು ಪ್ರದರ್ಶನ ಇತ್ತು. ಗಾರ್ಡನರ್ ಕೋಲ್ಟನ್ ಎಂಬಾತ ಟಿಕೆಟ್ ಇಟ್ಟು ಜನರಿಗೆ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್ ಕುಡಿಸುತ್ತಿದ್ದ. ಎಳೆದುಕೊಂಡವರು ನಗುತ್ತಿದ್ದರು, ಕುಣಿಯುತ್ತಿದ್ದರು, ನೋಡುವವರಿಗೆ ಮೋಜು. ಈ ಅನಿಲ ಹೊಸದೇನಲ್ಲ. ಇದು ನೋವು ಕಡಿಮೆ ಮಾಡುತ್ತದೆ, ಆಪರೇಷನ್‌ಗೆ ಉಪಯೋಗಕ್ಕೆ ಬರಬಹುದು ಎಂದು ವಿಜ್ಞಾನಿ ಹಂಫ್ರಿ ಡೇವಿ 1800ರಲ್ಲೇ ಬರೆದಿದ್ದ. ನಾಲ್ಕು ದಶಕ ಕಳೆದರೂ ಆಸ್ಪತ್ರೆಗಳಲ್ಲಿ ಯಾರೂ ಅದನ್ನು ರೂಢಿಗೆ ತಂದಿರಲಿಲ್ಲ.

ಆ ರಾತ್ರಿ ಸ್ಯಾಮ್ಯುಯೆಲ್ ಕೂಲಿ ಎಂಬ ಯುವಕ ಅನಿಲ ಎಳೆದುಕೊಂಡು ಓಡಾಡುವಾಗ ಕಾಲಿಗೆ ಪೆಟ್ಟು ಮಾಡಿಕೊಂಡ. ರಕ್ತ ಬರುತ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ಉಳಿದವರು ನಕ್ಕರು. ವೆಲ್ಸ್ ಮಾತ್ರ ಆ ಕಾಲನ್ನು ನೋಡಿದ.

ಮರುದಿನವೇ ಅವನು ಪರೀಕ್ಷೆಗೆ ಇಳಿದ. ಪರೀಕ್ಷೆಗೆ ಒಡ್ಡಿದ್ದು ಬೇರೆ ಯಾರನ್ನೂ ಅಲ್ಲ, ತನ್ನನ್ನೇ. ಕೋಲ್ಟನ್ ಅನಿಲದ ಚೀಲ ಹಿಡಿದ, ಜಾನ್ ರಿಗ್ಸ್ ಎಂಬ ಜೊತೆಗಾರ ವೈದ್ಯ ವೆಲ್ಸ್‌ನ ಒಂದು ದವಡೆ ಹಲ್ಲು ಕಿತ್ತ. ಎಚ್ಚರವಾದ ಮೇಲೆ ವೆಲ್ಸ್‌ಗೆ ನೋವಾದ ನೆನಪೇ ಇರಲಿಲ್ಲ. ಮುಂದಿನ ಕೆಲವು ವಾರಗಳಲ್ಲಿ ಹತ್ತಾರು ಜನರಿಗೆ ಹೀಗೆಯೇ ಹಲ್ಲು ಕಿತ್ತ. ಇದಕ್ಕೆ ಪೇಟೆಂಟ್ ಪಡೆಯಲು ಅವನು ಹೋಗಲಿಲ್ಲ. ಉಸಿರಾಡುವ ಗಾಳಿಯ ಹಾಗೆ ಇದು ಎಲ್ಲರಿಗೂ ಸಿಗಬೇಕು ಎಂಬುದು ಅವನ ನಿಲುವು.

ಒಂದು ನರಳಾಟ, ಮುಗಿದ ವೃತ್ತಿ

1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್‌ಗೆ ಹೋದ. ಹೆಸರಾಂತ ಸರ್ಜನ್ ಜಾನ್ ಕಾಲಿನ್ಸ್ ವಾರನ್ ತನ್ನ ವೈದ್ಯ ವಿದ್ಯಾರ್ಥಿಗಳ ಮುಂದೆ ಪ್ರಯೋಗ ತೋರಿಸಲು ಅವಕಾಶ ಕೊಟ್ಟ. ಒಬ್ಬನ ಹಲ್ಲು ಕೀಳಬೇಕಿತ್ತು. ಅನಿಲ ಕೊಟ್ಟರು, ವೆಲ್ಸ್ ಇಕ್ಕಳ ಹಾಕಿದ. ರೋಗಿ ಕೂಗಿಕೊಂಡ.

ಅಷ್ಟೇ ಸಾಕಾಯಿತು. ವಿದ್ಯಾರ್ಥಿಗಳು ನಕ್ಕು, ಇದೆಲ್ಲ ಬೋಗಸ್ ಎಂದು ಗೇಲಿ ಮಾಡಿದರು. ರೋಗಿಗೆ ನೋವಾಯಿತು ಆದರೆ ಎಂದಿನಷ್ಟು ಅಲ್ಲ, ಚೀಲವನ್ನು ಬೇಗ ತೆಗೆದದ್ದೇ ತಪ್ಪಾಯಿತು ಎಂದು ವೆಲ್ಸ್ ಮುಂದೆ ಬರೆದ. ಅಲ್ಲಿ ಹಾಜರಿದ್ದ ಇನ್ನೊಬ್ಬರ ಹೇಳಿಕೆ ಬೇರೆ: ರೋಗಿ ಕೂಗಿದ್ದು ನಿಜ, ಆದರೆ ಎಚ್ಚರವಾದ ಮೇಲೆ ತನಗೆ ನೋವೇ ಆಗಲಿಲ್ಲ ಎಂದನಂತೆ.

ಕೂಗಿದ ಮನುಷ್ಯನಿಗೆ ನೋವಿನ ನೆನಪಿಲ್ಲ ಎಂದರೆ ಅವನಿಗೆ ನೋವಾಯಿತೇ, ಇಲ್ಲವೇ? ಅಂದು ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ವೆಲ್ಸ್ ಊರಿಗೆ ಮರಳಿ ಕಾಯಿಲೆ ಬಿದ್ದ, ಸ್ವಲ್ಪ ದಿನದಲ್ಲೇ ಹಲ್ಲಿನ ಕೆಲಸ ಬಿಟ್ಟ. ಒಂದಷ್ಟು ಕಾಲ ಕೆನರಿ ಹಕ್ಕಿಗಳ ವ್ಯಾಪಾರ, ಒಂದಷ್ಟು ಕಾಲ ಸ್ನಾನಕ್ಕೆ ಶವರ್ ತಯಾರಿಸುವ ಪ್ರಯತ್ನ, ಹೀಗೆ ಬದುಕು ಸಾಗಿತು.

ರೈಟರ್ ನಿದ್ದೆ ಹೋದ ಒಂದು ಗಂಟೆ

ವೆಲ್ಸ್‌ಗೆ ತಿಳಿಯದ ಉತ್ತರ ಇಂದು ನಮಗೆ ಬಹಳಷ್ಟು ತಿಳಿದಿದೆ. ಅದನ್ನು ಮಲ್ಲಂದೂರಿನ ಓದುಗರಿಗೆ ಅವರದೇ ಕೆಲಸದ ಮೂಲಕ ವಿವರಿಸಿದೆವು.

ತೋಟದಲ್ಲಿ ದಿನವಿಡೀ ಕೆಲಸ ನಡೆಯುತ್ತದೆ. ಯಾರು ಬಂದರು, ಎಷ್ಟು ಕಿಲೋ ಹಣ್ಣು ಕುಯ್ದರು ಎಂದು ರೈಟರ್ ಪುಸ್ತಕದಲ್ಲಿ ಬರೆಯುತ್ತಾರೆ. ಮೆದುಳಿನಲ್ಲಿ ಈ ರೈಟರ್ ಕೆಲಸ ಮಾಡುವ ಮುಖ್ಯ ಭಾಗದ ಹೆಸರು ಹಿಪೊಕ್ಯಾಂಪಸ್. ನಡೆದದ್ದನ್ನು ಹೊಸ ನೆನಪಾಗಿ ಬರೆದುಕೊಳ್ಳುವುದು ಅದರ ಹೊಣೆ.

ನರಕೋಶಗಳ ಮೇಲೆ ರಿಸೆಪ್ಟರ್ ಎಂಬ ಪುಟ್ಟ ಬಾಗಿಲುಗಳಿರುತ್ತವೆ. ಕಲಿಕೆಗೆ ತುಂಬ ಮುಖ್ಯವಾದ ಬಾಗಿಲಿನ ಹೆಸರು ಎನ್‌ಎಂಡಿಎ ರಿಸೆಪ್ಟರ್. ಇದು ಸುಮ್ಮನೆ ತೆರೆಯುವುದಿಲ್ಲ. ಒಂದು ಕೋಶ ಗ್ಲುಟಮೇಟ್ ಎಂಬ ರಾಸಾಯನಿಕ ಕಳಿಸಬೇಕು, ಅದೇ ಹೊತ್ತಿಗೆ ಇನ್ನೊಂದು ಕೋಶವೂ ಚುರುಕಾಗಿರಬೇಕು. ಆಗ ಬಾಗಿಲಿಗೆ ಅಡ್ಡ ಕೂತ ಮೆಗ್ನೀಸಿಯಂ ಸರಿದು ಕ್ಯಾಲ್ಸಿಯಂ ಒಳಗೆ ಬರುತ್ತದೆ, ಎರಡೂ ಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುತ್ತದೆ. ಕಲಿಕೆಯ ಬುಡ ಇಲ್ಲಿದೆ. 1986ರಲ್ಲಿ ರಿಚರ್ಡ್ ಮಾರಿಸ್ ಎಂಬ ವಿಜ್ಞಾನಿಯ ತಂಡ ಇಲಿಗಳಲ್ಲಿ ಈ ಬಾಗಿಲನ್ನು ಔಷಧದಿಂದ ಮುಚ್ಚಿತು. ನೀರಿನ ತೊಟ್ಟಿಯಲ್ಲಿ ಮುಳುಗಿದ್ದ ಅಟ್ಟಣೆಯ ಜಾಗ ಎಲ್ಲಿದೆ ಎಂಬುದನ್ನು ಕಲಿಯಲು ಆ ಇಲಿಗಳು ತೀರಾ ಒದ್ದಾಡಿದವು.

ವೆಲ್ಸ್ ಕೊಟ್ಟ ನಗೆ ಅನಿಲ ಇದೇ ಬಾಗಿಲನ್ನು ಮುಚ್ಚುತ್ತದೆ ಎಂದು ಗೊತ್ತಾದದ್ದು 1998ರಲ್ಲಿ. ಇಂದು ಬಳಸುವ ಕೆಟಮಿನ್ ಕೂಡ ಹೀಗೆಯೇ ಕೆಲಸ ಮಾಡುತ್ತದೆ. ಪ್ರೊಪೊಫಾಲ್, ಮಿಡಜೊಲಾಮ್, ಸೆವೊಫ್ಲುರೇನ್ ಮುಂತಾದವುಗಳ ದಾರಿ ಬೇರೆ. ಗಾಬಾ ಎಂಬ ರಿಸೆಪ್ಟರ್ ಮೆದುಳಿನ ಬ್ರೇಕ್ ಇದ್ದ ಹಾಗೆ. ಈ ಔಷಧಗಳು ಆ ಬ್ರೇಕನ್ನು ಇನ್ನಷ್ಟು ಒತ್ತುತ್ತವೆ.

ಇಲ್ಲೊಂದು ವಿಶೇಷವಿದೆ. ಪ್ರಜ್ಞೆ ಪೂರ್ತಿ ತಪ್ಪಲು ಬೇಕಾದ ಪ್ರಮಾಣಕ್ಕಿಂತ ಕಡಿಮೆ ಔಷಧದಲ್ಲೇ ರೈಟರ್ ಬರೆಯುವುದನ್ನು ನಿಲ್ಲಿಸುತ್ತಾನೆ. ಎಂಡೋಸ್ಕೋಪಿಗೆ ಮುಂಚೆ ಮಿಡಜೊಲಾಮ್ ಪಡೆದ ಕೆಲವರು ಡಾಕ್ಟರ ಮಾತಿಗೆ ಉತ್ತರ ಕೊಡುತ್ತಾರೆ, ಮನೆಗೆ ಬಂದ ಮೇಲೆ ಒಂದೂ ನೆನಪಿರುವುದಿಲ್ಲ. ಇನ್ನು ದೇಹ ಅಲುಗದಂತೆ ತಡೆಯುವುದು ಬಹುಪಾಲು ಬೆನ್ನುಹುರಿಯ ಮೇಲೆ ಔಷಧ ಮಾಡುವ ಕೆಲಸ ಎಂದು 1990ರ ದಶಕದ ಪ್ರಾಣಿ ಪ್ರಯೋಗಗಳು ತೋರಿಸಿದವು. ಅದಕ್ಕೆ ಹೆಚ್ಚು ಔಷಧ ಬೇಕು. ನಗೆ ಅನಿಲವಂತೂ ದುರ್ಬಲ, ಮಾಮೂಲಿ ಗಾಳಿಯ ಒತ್ತಡದಲ್ಲಿ ಅದೊಂದರಿಂದಲೇ ಪೂರ್ತಿ ಅರಿವಳಿಕೆ ಕೊಡುವುದು ಆಗದ ಮಾತು.

ಹಾಗಾಗಿ ಬಾಸ್ಟನ್ನಿನ ಆ ರೋಗಿ ಕೂಗಿದ್ದಕ್ಕೂ ಅವನಿಗೆ ನೆನಪಿಲ್ಲದ್ದಕ್ಕೂ ವಿರೋಧವೇನಿಲ್ಲ. ಕೂಗು, ನೋವು, ನೆನಪು ಮೂರೂ ಬೇರೆ ಬೇರೆ ಕೆಲಸಗಳು. ಒಂದು ನಿಂತಾಗ ಇನ್ನೊಂದು ನಡೆಯುತ್ತಿರಬಹುದು.

ಫಾರ್ವರ್ಡ್ ಎಡವಿದ್ದು ಇಲ್ಲೇ. ರೈಟರ್ ಒಂದು ಗಂಟೆ ನಿದ್ದೆ ಹೋದರೆ ಆ ಗಂಟೆಯ ಲೆಕ್ಕ ಪುಸ್ತಕಕ್ಕೆ ಬರುವುದಿಲ್ಲ. ಹಾಗಂತ ಹಳೆಯ ಪುಟಗಳು ಹರಿದು ಹೋಗಲಿಲ್ಲ, ಪೆನ್ನೂ ಮುರಿಯಲಿಲ್ಲ. ಔಷಧ ದೇಹದಿಂದ ಹೊರಗೆ ಹೋದಂತೆ ಬಾಗಿಲುಗಳು ಮತ್ತೆ ತೆರೆಯುತ್ತವೆ, ಬರವಣಿಗೆ ಮುಂದುವರಿಯುತ್ತದೆ. ಆಪರೇಷನ್ ಹೊತ್ತಿನ ನೆನಪು ಇರುವುದಿಲ್ಲ ಎನ್ನುವುದು ಬೇರೆ, ನೆನಪಿನ ಶಕ್ತಿಯೇ ಹೋಗುತ್ತದೆ ಎನ್ನುವುದು ಬೇರೆ.

ಮರೆವಿನ ನದಿ ಮತ್ತು ವೆಲ್ಸ್‌ನ ಕೊನೆ

1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮತ್ತೊಂದು ಪ್ರದರ್ಶನ ನಡೆಯಿತು. ಈ ಸಲ ಅನಿಲ ಈಥರ್, ಕೊಟ್ಟವನು ವೆಲ್ಸ್‌ನ ಹಳೆಯ ಶಿಷ್ಯ ಮಾರ್ಟನ್, ಆಪರೇಷನ್ ಮಾಡಿದ್ದು ಅದೇ ವಾರನ್. ಅದು ಗೆದ್ದಿತು, ಸುದ್ದಿ ಜಗತ್ತಿಗೇ ಹಬ್ಬಿತು. ಮಾರ್ಟನ್ ಪೇಟೆಂಟ್ ಪಡೆದ, ತನ್ನ ಔಷಧಕ್ಕೆ ಲೆಥಿಯಾನ್ ಎಂದು ಹೆಸರಿಟ್ಟ. ಗ್ರೀಕ್ ಪುರಾಣದಲ್ಲಿ ಲೆಥಿ ಎಂದರೆ ಮರೆವಿನ ನದಿ. ಅರಿವಳಿಕೆಗೂ ಮರೆವಿಗೂ ನಂಟಿದೆ ಎಂಬುದು ಅವರಿಗೆ ಆಗಲೇ ಹೊಳೆದಿತ್ತು.

ಮೊದಲು ಕಂಡುಹಿಡಿದವನು ತಾನು ಎಂದು ವೆಲ್ಸ್ ಹೋರಾಟಕ್ಕಿಳಿದ. ಪ್ಯಾರಿಸ್‌ಗೆ ಹೋಗಿ ತನ್ನ ಮಾತು ಮುಂದಿಟ್ಟ, 1847ರಲ್ಲಿ ಒಂದು ಕಿರುಪುಸ್ತಕ ಪ್ರಕಟಿಸಿದ. ಆ ವರ್ಷದ ಕೊನೆಗೆ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದಿದ್ದ. 1848ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಒಬ್ಬನೇ ಇದ್ದ ವೆಲ್ಸ್ ಅದನ್ನೂ ತನ್ನ ಮೇಲೆ ಪರೀಕ್ಷಿಸತೊಡಗಿದ. ದಿನ ದಿನವೂ ಎಳೆದುಕೊಂಡು ಅದರ ಹಿಡಿತಕ್ಕೆ ಸಿಕ್ಕಿದ. ಮೂವತ್ತಮೂರನೆಯ ಹುಟ್ಟುಹಬ್ಬದ ದಿನ ಮೈಮೇಲೆ ಎಚ್ಚರವಿಲ್ಲದೆ ಬೀದಿಗೆ ಹೋಗಿ ಇಬ್ಬರು ಮಹಿಳೆಯರ ಮೇಲೆ ಆ್ಯಸಿಡ್ ಎರಚಿದ. ಪೊಲೀಸರು ಹಿಡಿದರು. ಮತ್ತು ಇಳಿದ ಮೇಲೆ ತಾನು ಮಾಡಿದ್ದೇನೆಂದು ತಿಳಿದು ಕುಸಿದುಹೋದ. ಜನವರಿ 24ರಂದು ಜೈಲಿನಲ್ಲಿ ತನ್ನ ಪ್ರಾಣ ತಾನೇ ಕಳೆದುಕೊಂಡ. ನೋವಿಲ್ಲದ ಆಪರೇಷನ್‌ಗೆ ಅನಿಲ ಬಳಸಿದವರಲ್ಲಿ ಅವನಿಗೆ ಮನ್ನಣೆ ಕೊಟ್ಟಿದ್ದೇವೆ ಎಂಬ ಪ್ಯಾರಿಸ್ ವೈದ್ಯ ಸಂಘದ ಸುದ್ದಿ ಬಂದು ತಲುಪಿದಾಗ ಅವನು ಬದುಕಿರಲಿಲ್ಲ.

ವರ್ಷಗಳ ನಂತರ ಕೋಲ್ಟನ್ ನಗೆ ಅನಿಲವನ್ನು ಹಲ್ಲಿನ ಚಿಕಿತ್ಸೆಗೆ ಮತ್ತೆ ತಂದು ಸಾವಿರಾರು ಜನರಿಗೆ ಕೊಟ್ಟು ತೋರಿಸಿದ. 1864ರಲ್ಲಿ ಅಮೆರಿಕದ ದಂತವೈದ್ಯರ ಸಂಘ ವೆಲ್ಸ್‌ನ ಕೊಡುಗೆಯನ್ನು ಒಪ್ಪಿಕೊಂಡಿತು. 1875ರಲ್ಲಿ ಹಾರ್ಟ್‌ಫರ್ಡ್‌ನ ಉದ್ಯಾನದಲ್ಲಿ ಅವನ ಪ್ರತಿಮೆ ಎದ್ದಿತು.

ಅವನ ಬದುಕನ್ನು ಕೆಡಿಸಿದ್ದು ಹಲ್ಲು ಕೀಳಲು ಒಮ್ಮೆ ಪಡೆದ ಅನಿಲವಲ್ಲ. ಅಳತೆಯಿಲ್ಲದೆ, ಕಾವಲಿಲ್ಲದೆ, ದಿನವೂ ಎಳೆದುಕೊಂಡ ಮತ್ತು. ಈ ವ್ಯತ್ಯಾಸ ಇಂದಿಗೂ ಅಷ್ಟೇ ಮುಖ್ಯ. ಮೋಜಿಗಾಗಿ ನಗೆ ಅನಿಲವನ್ನು ಪದೇ ಪದೇ ಎಳೆಯುವವರಲ್ಲಿ ಅದು ವಿಟಮಿನ್ ಬಿ12 ಕೆಲಸ ಮಾಡದಂತೆ ಮಾಡಿ ನರಗಳಿಗೆ ಹಾನಿ ಮಾಡುತ್ತದೆ.

ಫಾರ್ವರ್ಡ್‌ನ ಭಯ ಎಲ್ಲಿಂದ ಬಂತು?

ಆ ಒಂದು ಹಿಡಿ ನಿಜ ಇಲ್ಲಿದೆ. 2003ರಲ್ಲಿ ಅಮೆರಿಕದ ವಿಜ್ಞಾನಿಗಳು ಏಳು ದಿನದ ಇಲಿಮರಿಗಳಿಗೆ ಮಿಡಜೊಲಾಮ್, ನಗೆ ಅನಿಲ ಮತ್ತು ಐಸೊಫ್ಲುರೇನ್ ಮೂರನ್ನೂ ಸೇರಿಸಿ ಆರು ಗಂಟೆ ಕೊಟ್ಟರು. ಮರಿಗಳ ಮೆದುಳಿನಲ್ಲಿ ಸಾಕಷ್ಟು ಕೋಶಗಳು ಸತ್ತವು, ಬೆಳೆದ ಮೇಲೆ ಅವು ಕಲಿಕೆಯಲ್ಲಿ ಹಿಂದೆ ಬಿದ್ದವು. ಇದು ನಿಜವಾದ ಅಧ್ಯಯನ. ಇದನ್ನು ಯಾರೂ ಮುಚ್ಚಿಡಲಿಲ್ಲ, ಬಹಿರಂಗವಾಗಿ ಪ್ರಕಟವಾಯಿತು, ಇದರಿಂದಲೇ ಮಕ್ಕಳ ಮೇಲೆ ದೊಡ್ಡ ಅಧ್ಯಯನಗಳು ಶುರುವಾದವು. ಇಲಿಮರಿಯ ಬದುಕಿನಲ್ಲಿ ಆರು ಗಂಟೆ ಎಂದರೆ ಮಗುವಿನ ಆರು ಗಂಟೆಗಿಂತ ಬಹಳ ದೀರ್ಘ ಎಂಬುದೂ ನೆನಪಿರಲಿ.

ಗ್ಯಾಸ್ ಎಂಬ ಹೆಸರಿನ ಅಧ್ಯಯನದಲ್ಲಿ 7 ದೇಶಗಳ 722 ಹಸುಗೂಸುಗಳಿದ್ದವು. ಎಲ್ಲಕ್ಕೂ ಹರ್ನಿಯಾ ಆಪರೇಷನ್. ಒಂದು ಗುಂಪಿಗೆ ಪೂರ್ತಿ ಅರಿವಳಿಕೆ, ಇನ್ನೊಂದಕ್ಕೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿತ್ತು. ಮಕ್ಕಳಿಗೆ ಐದು ವರ್ಷವಾದಾಗ ಬುದ್ಧಿಮತ್ತೆ ಅಳೆದರು. 2019ರಲ್ಲಿ ಬಂದ ಫಲಿತಾಂಶ: ಎರಡೂ ಗುಂಪಿನ ಸರಾಸರಿ ಐಕ್ಯೂ ಸುಮಾರು 99. ವ್ಯತ್ಯಾಸವಿಲ್ಲ.

2016ರಲ್ಲಿ ಪಾಂಡಾ ಎಂಬ ಇನ್ನೊಂದು ಅಧ್ಯಯನ ಬಂದಿತ್ತು. ಅದರಲ್ಲಿ 105 ಜೋಡಿ ಒಡಹುಟ್ಟಿದವರು. ಒಬ್ಬರಿಗೆ ಮೂರು ವರ್ಷದೊಳಗೆ ಹರ್ನಿಯಾ ಆಪರೇಷನ್ ಆಗಿತ್ತು, ಇನ್ನೊಬ್ಬರಿಗೆ ಆ ವಯಸ್ಸಿನಲ್ಲಿ ಅರಿವಳಿಕೆ ತಗುಲಿರಲಿಲ್ಲ. ಒಂದೇ ಮನೆ, ಒಂದೇ ಊಟ, ಒಂದೇ ತಂದೆತಾಯಿ. ಅಲ್ಲೂ ಐಕ್ಯೂನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಚ್ಚರಿಕೆಯೇ ಬೇಡವೇ? ಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಮತ್ತು ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಂದಿರಿಗೆ ಮೂರು ಗಂಟೆಗಿಂತ ಹೆಚ್ಚಿನ ಅಥವಾ ಪದೇ ಪದೇ ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಎಚ್ಚರಿಸಿತು. ಮೇಯೋ ಕ್ಲಿನಿಕ್‌ನ 2018ರ ಅಧ್ಯಯನದಲ್ಲಿ ಮೂರು ವರ್ಷದೊಳಗೆ ಹಲವು ಸಲ ಅರಿವಳಿಕೆ ಪಡೆದವರ ಐಕ್ಯೂ ಕಡಿಮೆ ಇರಲಿಲ್ಲ, ಆದರೆ ಕೆಲಸದ ವೇಗ ಮತ್ತು ಕೈಬೆರಳ ಚುರುಕುತನ ಸ್ವಲ್ಪ ಕಡಿಮೆ ಇತ್ತು. ಅಂಥ ಮಕ್ಕಳಿಗೆ ಬೇರೆ ದೊಡ್ಡ ಕಾಯಿಲೆಗಳೂ ಇರುವುದರಿಂದ ಕಾರಣ ಅರಿವಳಿಕೆಯೇ ಎಂದು ಖಚಿತವಾಗಿ ಹೇಳಲಾಗದು.

ವಯಸ್ಸಾದವರ ವಿಚಾರ

ಫಾರ್ವರ್ಡ್ ಮಕ್ಕಳ ಬಗ್ಗೆ ಹೆದರಿಸುತ್ತದೆ, ಆದರೆ ಮನೆಗಳಲ್ಲಿ ಹೆಚ್ಚು ಕಾಣುವುದು ಅಜ್ಜ ಅಜ್ಜಿಯರ ತೊಂದರೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಕೆಲವರು ಒಂದೆರಡು ದಿನ ಗಲಿಬಿಲಿಗೊಂಡು ಏನೇನೋ ಮಾತಾಡುತ್ತಾರೆ, ಮನೆಯವರ ಗುರುತೂ ಸಿಗುವುದಿಲ್ಲ. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಎಲ್ಲ ತಪ್ಪನ್ನೂ ಅರಿವಳಿಕೆಯ ಮೇಲೆ ಹಾಕುವಂತಿಲ್ಲ. 1,600 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ತಿ ಅರಿವಳಿಕೆ ಕೊಟ್ಟರೂ ಬೆನ್ನಿಗೆ ಇಂಜೆಕ್ಷನ್ ಕೊಟ್ಟರೂ ಡೆಲಿರಿಯಂ ಆದವರ ಪ್ರಮಾಣ ಹೆಚ್ಚುಕಡಿಮೆ ಒಂದೇ, ಸುಮಾರು ಐವರಲ್ಲಿ ಒಬ್ಬರು. ವಯಸ್ಸು, ಮೊದಲೇ ಇದ್ದ ಮರೆವು, ಸೋಂಕು, ನೋವು, ನಿದ್ದೆಗೇಡು ಎಲ್ಲವೂ ಕಾರಣವಾಗಬಲ್ಲವು. ಎಚ್ಚರವಾದ ಕೂಡಲೇ ಕನ್ನಡಕ, ಕಿವಿಯ ಮಿಷನ್ ಕೊಡುವುದು, ಪರಿಚಿತ ಮುಖವೊಂದು ಹತ್ತಿರ ಇರುವುದು, ರಾತ್ರಿ ನಿದ್ದೆ ಮಾಡಲು ಬಿಡುವುದು ಸಹಾಯ ಮಾಡುತ್ತದೆ.

ಮಲ್ಲಂದೂರಿಗೆ ನಾವು ಬರೆದ ಉತ್ತರ

ಹರ್ನಿಯಾ ಆಪರೇಷನ್ ಸಾಮಾನ್ಯವಾಗಿ ಒಂದು ಗಂಟೆಯೊಳಗಿನ ಕೆಲಸ. ಅಧ್ಯಯನಗಳು ನಡೆದದ್ದೂ ಇಂಥದೇ ಆಪರೇಷನ್ ಆದ, ಇವನಷ್ಟೇ ಅಥವಾ ಇವನಿಗಿಂತ ಚಿಕ್ಕ ಮಕ್ಕಳ ಮೇಲೆ. ಅದರಿಂದ ಕಲಿಕೆಗೆ ತೊಂದರೆ ಕಂಡುಬಂದಿಲ್ಲ. ಮುಂದೂಡುವುದರಲ್ಲೇ ಅಪಾಯವಿದೆ: ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡರೆ ರಕ್ತ ಸಂಚಾರ ನಿಂತು ತುರ್ತು ಆಪರೇಷನ್ ಆಗಬೇಕಾಗುತ್ತದೆ. ಘಟ್ಟದ ದಾರಿಯಲ್ಲಿ ಅಪರಾತ್ರಿ ಮಗುವನ್ನು ಎತ್ತಿಕೊಂಡು ಓಡುವ ಸ್ಥಿತಿ ಬರಬಾರದು. ಕೊನೆಯ ತೀರ್ಮಾನ ಮಗುವನ್ನು ನೋಡಿದ ಡಾಕ್ಟರದು. ಅವರಲ್ಲಿ ಕೇಳಬೇಕಾದದ್ದು ಇವು:

- ಅರಿವಳಿಕೆ ಕೊಡುವವರು ಅದರಲ್ಲೇ ಓದಿದ ತಜ್ಞರೇ, ಚಿಕ್ಕ ಮಕ್ಕಳಿಗೆ ಕೊಟ್ಟ ಅನುಭವ ಇದೆಯೇ?
- ಎಷ್ಟು ಹೊತ್ತು ಹಿಡಿಯಬಹುದು?
- ಆಪರೇಷನ್ ಈಗಲೇ ಬೇಕೇ, ಕಾದರೆ ಏನಾಗಬಹುದು?
- ಎಷ್ಟು ಗಂಟೆ ಮುಂಚೆ ಊಟ ನಿಲ್ಲಿಸಬೇಕು?

ಕೊನೆಯ ಪ್ರಶ್ನೆ ಚಿಕ್ಕದೆನಿಸಬಹುದು. ಸಾಮಾನ್ಯ ನಿಯಮ ಹೀಗಿದೆ: ಊಟ, ತಿಂಡಿ, ಹಸುವಿನ ಹಾಲು ಆರು ಗಂಟೆ ಮುಂಚೆ ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ನೀರು ಎರಡು ಗಂಟೆ. ನಿಮ್ಮ ಆಸ್ಪತ್ರೆ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಮಗು ಹಸಿದು ಅಳುತ್ತದೆ ಎಂದು ಯಾರಾದರೂ ಗುಟ್ಟಾಗಿ ಎರಡು ಚಮಚ ಗಂಜಿ ಕುಡಿಸಿದರೆ, ಮತ್ತಿನಲ್ಲಿ ಅದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಹೆದರಬೇಕಾದದ್ದು ಇದಕ್ಕೆ.

ಸಾರಾಂಶ: ಒಮ್ಮೆ, ಅಲ್ಪ ಹೊತ್ತು, ತಜ್ಞರ ಕೈಯಲ್ಲಿ ಪಡೆದ ಅರಿವಳಿಕೆಯಿಂದ ಮಗುವಿನ ನೆನಪಿನ ಶಕ್ತಿ ಹೋಗುತ್ತದೆ ಎಂಬ ಫಾರ್ವರ್ಡ್ ತಪ್ಪು. ತುಂಬ ಚಿಕ್ಕ ವಯಸ್ಸಿನಲ್ಲಿ ದೀರ್ಘ ಅಥವಾ ಪದೇ ಪದೇ ಅರಿವಳಿಕೆಯ ಬಗ್ಗೆ ಡಾಕ್ಟರ ಹತ್ತಿರ ಮಾತಾಡುವುದು ಸರಿ.

ಬಾಸ್ಟನ್ನಿನಲ್ಲಿ ಒಂದು ಕೂಗು ಕೇಳಿ ನಕ್ಕವರು, ರೋಗಿಗೆ ಏನು ನೆನಪಿದೆ ಎಂಬುದರ ಮೇಲೆ ಗಮನ ಇಡಲಿಲ್ಲ. ಆ ಆತುರಕ್ಕೆ ವೆಲ್ಸ್ ಬೆಲೆ ತೆತ್ತ, ಅವನ ಜೊತೆ ಆ ಎರಡು ವರ್ಷ ಎಚ್ಚರದಲ್ಲೇ ಕೊಯ್ಸಿಕೊಂಡ ರೋಗಿಗಳೂ ತೆತ್ತರು. ಫಾರ್ವರ್ಡ್ ಒತ್ತುವ ಮುಂಚೆ ಒಂದು ಪ್ರಶ್ನೆ ಕೇಳುವಷ್ಟು ಸಮಯ ನಮಗಿದೆ. ಈ ಲೇಖನವನ್ನು ಆ ಮೆಸೇಜ್ ಬಂದ ಗ್ರೂಪಿಗೇ ಕಳಿಸಿ.

ಮತ್ತಿನ ಚಟವಾಗಲಿ, ಬದುಕೇ ಬೇಡ ಎನಿಸುವ ನೋವಾಗಲಿ ನಿಮ್ಮನ್ನೋ ನಿಮ್ಮವರನ್ನೋ ಕಾಡುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.